ತಕಾರಕ್ಕೆ ಕೊಂಬು

ನಮ್ಮ ಮನೆಗೆ ಕೊಂಬು ಬಂದ ದಿನ ನನ್ನಾಕೆ ಕೇಳಿದ ಮೊದಲ ಪ್ರಶ್ನೆ, “ಇದನ್ನು ಇಡೋದೆಲ್ಲಿ?” ಎಂಬುದು. ನ್ಯಾಯವಾದ ಪ್ರಶ್ನೆಯೇ. ತಂಬೂರಿಯಾದರೆ ಮೂಲೆಗೆ ಒರಗಿಸಬಹುದು. ಕೊಳಲಾದರೆ ಗೂಡಿನಲ್ಲಿ ಸೇರಿಸಬಹುದು. ಇದು ಹಾಗಲ್ಲ. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಹಿತ್ತಾಳೆಯ ಕೊಳವೆ. ಒಂದು ತುದಿಯಲ್ಲಿ ಬೆರಳ ಗಾತ್ರದ ಊದುಬಾಯಿ, ಇನ್ನೊಂದು ತುದಿಯಲ್ಲಿ ಹಿಟ್ಟಿನ ಜರಡಿಯಷ್ಟು ಅಗಲವಾದ ಹೂಬಾಯಿ. ಸುತ್ತು ಬಿಡಿಸಿ ನೆಟ್ಟಗೆ ಮಾಡಿದರೆ ಸುಮಾರು 12 ಅಡಿ ಉದ್ದವಂತೆ. ನಮ್ಮ ನಡುಮನೆ ಅಷ್ಟಿಲ್ಲ. ಯಾವ ಕಪಾಟಿಗೂ ಯಾವ ಮಂಚದ ಅಡಿಗೂ ಒಪ್ಪದೆ, ಕಡೆಗೆ ಅದು ನಾನು ಉತ್ತರಪತ್ರಿಕೆ ತಿದ್ದುವ ಕುರ್ಚಿಯನ್ನು ಏರಿ ಕುಳಿತಿತು. ನಾನು ಚಾಪೆಗೆ ಇಳಿದೆ.

ಇದಕ್ಕೆ ಲೋಕದಲ್ಲಿ ಫ್ರೆಂಚ್ ಹಾರ್ನ್ ಎಂದು ಹೆಸರು. ಆದರೆ ಈಗ ವಾದ್ಯವೃಂದಗಳಲ್ಲಿ ಕಾಣುವ ಜೋಡಿ ಕೊಳವೆಯ ಹಾರ್ನು 19ನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡದ್ದು ಜರ್ಮನರ ಕೈಯಲ್ಲಿ. ಆ ವಾದಕರ ಅಂತರರಾಷ್ಟ್ರೀಯ ಸಂಘದವರು 1971ರಲ್ಲಿ, “ದಯವಿಟ್ಟು ಇದನ್ನು ಬರಿಯ ಹಾರ್ನ್ ಎನ್ನಿ” ಎಂಬರ್ಥದ ಶಿಫಾರಸನ್ನೇ ಮಾಡಿದರು. ಕೇಳಿದವರು ಯಾರು? ಬೆಂಗಳೂರಿನಲ್ಲಿ ಬೆಂದ ಬೋಂಡಾ ಮೈಸೂರು ಬೋಂಡಾ ಆಗಿಯೇ ಉಳಿದಿಲ್ಲವೆ?

ತಪ್ಪು ದಸರೆಯದು. ಅರಮನೆಯ ಮುಂದೆ ಪೊಲೀಸ್ ಬ್ಯಾಂಡು ಕೇಳಲು ಹೋಗಿದ್ದೆವು. ಎಲ್ಲ ಮಕ್ಕಳ ಕಣ್ಣೂ ಡೋಲಿನ ಮೇಲಿದ್ದರೆ ನನ್ನ ಮಗಳ ಕಣ್ಣು ಮಾತ್ರ, ಬಲಗೈಯನ್ನು ವಾದ್ಯದ ಬಾಯೊಳಗೆ ತೂರಿಸಿಕೊಂಡು ಊದುತ್ತಿದ್ದವರ ಮೇಲೆ. “ಅಪ್ಪಾ, ಕೈ ಯಾಕೆ ಒಳಗಿಟ್ಟಿದಾರೆ?” ಎಂದಳು. ನನಗೆ ತಿಳಿಯದು. ತಿಳಿಯದು ಎಂದು ಹೇಳಿದ್ದೇ ತಪ್ಪಾಯಿತು. ತಿಂಗಳೊಪ್ಪತ್ತಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಒಬ್ಬರು ಸಿಕ್ಕಿದರು. ಬ್ಯಾಂಡಿನಲ್ಲಿ ಜೀವಮಾನವೆಲ್ಲ ಹಾರ್ನು ಊದಿ ನಿವೃತ್ತರಾದವರು. ತಮ್ಮಲ್ಲಿದ್ದ ಹಳೆಯದೊಂದು ವಾದ್ಯವನ್ನು ಕಡವಾಗಿ ಕೊಟ್ಟು ಕಲಿಸಲೂ ಒಪ್ಪಿದರು. ಸಂಭಾವನೆಯ ಮಾತೆತ್ತಿದರೆ, “ಊದೋಕೆ ಬರಲಿ, ಆಮೇಲೆ ನೋಡೋಣ” ಎನ್ನುವವರು. ಹದಿನೈದು ವರ್ಷದ ಹೆಣ್ಣುಮಗಳು ಕೊಂಬು ಊದುವುದುಂಟೇ ಎಂದು ಎದುರುಮನೆಯವರು ಎರಡು ದಿನ ಅಂದರು. ಮೂರನೆಯ ದಿನದಿಂದ ಅವರಿಗೆ ಅನ್ನಲು ಬೇರೆ ಕಾರಣಗಳಿದ್ದವು. ಕಲಿಯುವವರ ಹಾರ್ನು, ಕರುವನ್ನು ಕಳೆದುಕೊಂಡ ಎಮ್ಮೆಗೂ ಕೆಟ್ಟುಹೋದ ಲಾರಿಗೂ ನಡುವಿನ ದನಿ.

ಉಸಿರಿನ ಪಾಠ ಒಂದಷ್ಟು ಆದ ಮೇಲೆ ನಾಲಗೆಯ ಪಾಠ ಬಂತು. ನನ್ನ ಕಿವಿ ನಿಮಿರಿದ್ದು ಆಗಲೇ. ಊದುವ ವಾದ್ಯದಲ್ಲಿ ನಾಲಗೆಗೇನು ಕೆಲಸ ಎಂದು ನಿಮ್ಮಂತೆ ನಾನೂ ಕೇಳಿಕೊಂಡವನೇ. ಕೆಲಸ ಬೇಕಾದಷ್ಟಿದೆ. ನಾದ ಹುಟ್ಟುವುದು ತುಟಿಗಳ ಅದುರಿನಿಂದ, ನಿಜ. ಆದರೆ ಸ್ವರ ಎಲ್ಲಿ ಮೊದಲಾಯಿತು, ಮುಂದಿನದು ಅದಕ್ಕೆ ಅಂಟಿಕೊಂಡಿದೆಯೋ ಬಿಡಿಯಾಗಿದೆಯೋ, ಮೆತ್ತಗಿದೆಯೋ ಚುರುಕಾಗಿದೆಯೋ ಎಂಬುದನ್ನೆಲ್ಲ ನೋಡಿಕೊಳ್ಳುವುದು ನಾಲಗೆ. ನಾಲಗೆ ಇಲ್ಲದ ಊದು ಬರಿಯ ಸ್ವರಾಕ್ಷರ. ನಾಲಗೆ ಕೂಡಿದರೆ ಕಾಗುಣಿತ. ಆದ್ದರಿಂದಲೇ ಪಾಶ್ಚಾತ್ಯರು ಈ ವಿದ್ಯೆಯನ್ನು ಅಕ್ಷರ ಹೇಳಿಕೊಟ್ಟೇ ಕಲಿಸುತ್ತಾರೆ. ಪ್ಯಾರಿಸಿನ ಅರ್ಬಾನ್ ಎಂಬಾತ 1864ರಲ್ಲಿ ಕಾರ್ನೆಟ್ಟಿಗಾಗಿ ಬರೆದ ಪಾಠಪುಸ್ತಕ ಹಿತ್ತಾಳೆ ವಾದ್ಯದವರಿಗೆ ಇಂದಿಗೂ ಅಮರಕೋಶವಿದ್ದ ಹಾಗೆ. ಅದರಲ್ಲಿ ಒಂಟಿ ನಾಲಗೆಗೆ ‘ತು’. ವೇಗ ಬೇಕಾದಾಗ ಜೋಡಿ ನಾಲಗೆಗೆ ‘ತು ಕು’. ಮೂರರ ಗುಂಪಿಗೆ ‘ತು ತು ಕು’.

ತಕಾರಕ್ಕೆ ಕೊಂಬು ಕೊಟ್ಟರೆ ತು! ಕೊಂಬಿನ ವಿದ್ಯೆಗೆ ಕೊಂಬಿನ ಅಕ್ಷರವೇ ಒದಗಿ ಬಂದದ್ದು ಕನ್ನಡ ಮೇಷ್ಟರಾದ ನನಗೆ ಎಷ್ಟು ಹಿಗ್ಗಾಯಿತೆಂದರೆ, ಅದನ್ನು ಮಾಸ್ತರಿಗೆ ಹೇಳಲೆಂದೇ ಅವರ ಮನೆಗೆ ಹೋದೆ. ಅವರು ನಗಲಿಲ್ಲ. “ತು ಅಂದರೆ ಸಾಲದು ಸ್ವಾಮಿ. ಬಾಯಲ್ಲಿ ಎಲ್ಲಿಂದ ಅಂತಾಳೆ ಅನ್ನೋದು ಮುಖ್ಯ. ಅಲ್ಲೇ ಇರೋದು ತಾಪತ್ರಯ” ಎಂದರು.

ತಾಪತ್ರಯ ಹೀಗೆ. ಪುಸ್ತಕದಲ್ಲಿದ್ದದ್ದು ಇಂಗ್ಲಿಷ್ ಅಕ್ಷರ. ಇಂಗ್ಲಿಷಿನ ಆ ಅಕ್ಷರವನ್ನು ನಾವು ಟೇಬಲ್, ಟಿಕೀಟು, ಟೋಪಿಗಳ ಟಕಾರವೆಂದೇ ಕೇಳಿ ಬೆಳೆದವರು. ಮಗಳು ‘ಟು’ ಎಂದೇ ಊದಿದಳು. ನಾಲಗೆಯ ತುದಿ ಮಡಿಸಿಕೊಂಡು ಅಂಗುಳಿನ ನೆತ್ತಿಗೆ ಹೋಗಿ ಮರಳುವಷ್ಟರಲ್ಲಿ ಸ್ವರ ದಪ್ಪಗೆ, ತಡವಾಗಿ, ಬಾವಿಗೆ ಕೊಡ ಬಿದ್ದಂತೆ ಬರುತ್ತಿತ್ತು. “ಟ ಬೇಡಮ್ಮ, ತ ಅನ್ನು” ಎಂದರು ಮಾಸ್ತರು. ಇವಳು ಶುದ್ಧ ಕನ್ನಡದ ತಕಾರ ಹಿಡಿದಳು. ಈಗ ನಾಲಗೆ ಹಲ್ಲುಗಳ ಸಂದಿಗೇ ನುಗ್ಗಿ, ಅದುರಬೇಕಾದ ತುಟಿಯನ್ನು ಹೋಗಿ ತಿವಿಯಿತು. ಮಾಸ್ತರು ತಲೆಯ ಮೇಲೆ ಕೈ ಇಟ್ಟುಕೊಂಡರು. ಅವರಿಗೆ ಬೇಕಾದ ಜಾಗ ಇವೆರಡರ ನಡುವಿನದು, ಮೇಲ್ಹಲ್ಲಿನ ಬುಡದಲ್ಲಿ ಒಸಡು ಸಣ್ಣ ಏಣಾಗಿ ಎದ್ದಿರುತ್ತದಲ್ಲ, ಅದು. ನಮ್ಮ ವರ್ಗಾಕ್ಷರಗಳು ಐದು ಸಾಲು, ಇಪ್ಪತ್ತೈದು. ಕಂಠದಿಂದ ತುಟಿಯವರೆಗೆ ಬಾಯನ್ನು ಗದ್ದೆಯಂತೆ ಪಾಲು ಮಾಡಿದ್ದಾರೆ ನಮ್ಮ ಹಿರಿಯರು. ಆದರೆ ಟವರ್ಗಕ್ಕೂ ತವರ್ಗಕ್ಕೂ ನಡುವಿನ ಆ ಬದುವಿನ ಮೇಲೆ ಒಂದು ಸ್ಪರ್ಶಾಕ್ಷರವನ್ನೂ ಕೂರಿಸಿಲ್ಲ.

ಇಲ್ಲಿ ನನ್ನ ಎಂ.ಎ. ಪದವಿ ಮೊದಲ ಬಾರಿಗೆ ಸಂಸಾರಕ್ಕೆ ಉಪಯೋಗವಾಯಿತು. ಹಳಬರು ದಂತ್ಯವೆಂದರೂ ನಮ್ಮ ಬಾಯಲ್ಲಿ ಲಕಾರ ಹುಟ್ಟುವುದು ಆ ಏಣಿನ ಮೇಲೆಯೇ. ಈಗಿನ ಭಾಷಾವಿಜ್ಞಾನಿಗಳು ವರ್ತ್ಸ್ಯ ಎನ್ನುತ್ತಾರೆ. “ಮಗೂ, ಲ ಅನ್ನೋಕೆ ನಾಲಗೆ ಇಟ್ಟುಕೋ, ಆದರೆ ಲ ಅನ್ನಬೇಡ, ಅಲ್ಲಿಂದಲೇ ತ ಅನ್ನು” ಎಂದೆ. ಎರಡು ಮೂರು ಸಲ ತೊದಲಿದಳು. ನಾಲ್ಕನೆಯ ಸಲ ಸ್ವರ ಬೆಣ್ಣೆಯಲ್ಲಿ ಕೂದಲೆಳೆದಂತೆ ಬಂತು. ಮಾಸ್ತರು ನನ್ನ ಕಡೆ ತಿರುಗಿ, “ಇದನ್ನು ಎಲ್ಲಿ ಕಲಿತಿರಿ?” ಎಂದರು. ವ್ಯಾಕರಣದಲ್ಲಿ ಎಂದರೆ ಅವರು ನಂಬಲಿಲ್ಲ.

ಅಂದಿನಿಂದ ಪಾಠಕ್ಕೆ ನಾನೂ ಹೋಗಿ ಮೂಲೆಯಲ್ಲಿ ಕೂರತೊಡಗಿದೆ. ನನ್ನ ಶಾಸ್ತ್ರವೆಲ್ಲ ಆ ಪುಟ್ಟ ಕೋಣೆಯಲ್ಲಿ ಹಿತ್ತಾಳೆಯಲ್ಲಿ ಎರಕವಾಗುತ್ತಿತ್ತು. ಇಪ್ಪತ್ತು ವರ್ಷದಿಂದ ನಾನು ಹುಡುಗರಿಗೆ, “ಅಯ್ಯಾ, ಮಹಾಪ್ರಾಣ ಬಿಡಬೇಡಿ, ಬಾಷೆ ಅಲ್ಲ ಭಾಷೆ” ಎಂದು ಗೋಗರೆದವನು. ಮಾಸ್ತರು ಮಹಾಪ್ರಾಣದ ವೈರಿ. ಮೆಲುದನಿಯ ಸ್ವರವನ್ನು ತ ಎಂದು ತೆರೆಯಬೇಕು. ಥ ಎಂದರೆ ಸ್ವರದ ಮುಂದೆ ಒಂದು ಉಗುಳು ಹಾರಿದಂತೆ ಕೇಳುತ್ತದೆ. ಇಂಗ್ಲಿಷರು ಮಾತಿನ ಮೊದಲಲ್ಲಿ ಆ ಅಕ್ಷರವನ್ನು ಅರ್ಧ ಮಹಾಪ್ರಾಣವಾಗಿಯೇ ನುಡಿಯುವುದರಿಂದ ಈ ಬಾಬತ್ತಿನಲ್ಲಿ ಕನ್ನಡದ ಮಕ್ಕಳಿಗೇ ಅನುಕೂಲ ಹೆಚ್ಚೆಂದು ನನ್ನ ಸಿದ್ಧಾಂತ. ಸ್ವರಗಳು ನೀರಿನಂತೆ ಹರಿಯಬೇಕಾದಲ್ಲಿ ದ. ಎರಡು ಸ್ವರಗಳನ್ನು ಒಂದೇ ಉಸಿರಿನಲ್ಲಿ ಜಾರಿಸಬೇಕಾದರೆ ಮೊದಲನೆಯದಕ್ಕೆ ಮಾತ್ರ ತ, ಉಳಿದದ್ದೆಲ್ಲ ಬರಿಯ ಸ್ವರದ ಎಳೆತ. ಕೆಳಗಿನ ಸ್ಥಾಯಿಗೆ ಬಾಯಿ ‘ತೊ’ ಎಂದು ಹಿಗ್ಗಬೇಕು, ಮೇಲಿನದಕ್ಕೆ ನಾಲಗೆಯ ಬೆನ್ನು ‘ತಿ’ ಎಂದು ಏರಬೇಕು.

ಬಿಡಿಬಿಡಿಯಾಗಿ ಚುಟುಕಾಗಿ ನುಡಿಸುವ ಕ್ರಮವೊಂದಿದೆ. ಅಲ್ಲಿ ಕಲಿಯುವವರು ಮಾಡುವ ತಪ್ಪು, ಸ್ವರವನ್ನು ತೆರೆದ ನಾಲಗೆಯಿಂದಲೇ ಮುಚ್ಚುವುದು. ‘ತತ್, ತತ್’ ಎಂದು ಹಲಂತವಾಗಿ, ಮರ ಕಡಿದಂತೆ ಕೇಳುತ್ತದೆ. ಉಸಿರು ತಾನಾಗಿ ನಿಲ್ಲಬೇಕೇ ಹೊರತು ನಾಲಗೆ ಹೋಗಿ ಬಾಗಿಲು ಹಾಕಬಾರದು. ವ್ಯಂಜನವನ್ನು ಬರಿದಾಗಿ ಕೊನೆಯಲ್ಲಿ ಬಿಡದೆ ಬಸ್ಸು, ಕಾರು, ಹಾರ್ನು ಎಂದು ಎಲ್ಲದಕ್ಕೂ ಒಂದು ಉಕಾರ ಅಂಟಿಸುವ ನಮ್ಮ ಜನಕ್ಕೆ ಇದನ್ನು ಹೇಳಿಕೊಡಬೇಕೆ?

ಜೋಡಿ ನಾಲಗೆಯ ಪಾಠ ಬಂದಾಗ ಮಾತ್ರ ಮಾಸ್ತರ ಮುಖ ಅರಳಿತು. ಒಂಟಿ ನಾಲಗೆಗೆ ಒಂದು ವೇಗದ ಮಿತಿಯಿದೆ. ಅದನ್ನು ಮೀರಬೇಕಾದರೆ ತುದಿನಾಲಗೆಯ ತ, ಹಿನ್ನಾಲಗೆಯ ಕ, ಎರಡನ್ನೂ ಏತದ ಹಾಗೆ ಆಡಿಸಬೇಕು. ತ-ಕ-ತ-ಕ. ಮೂರರ ಗುಂಪನ್ನು ತ-ತ-ಕ ಎನ್ನುವುದುಂಟು, ತ-ಕ-ತ ಎನ್ನುವುದೂ ಉಂಟು. ಮೃದಂಗದ ಸೊಲ್ಲುಕಟ್ಟು ಕೇಳಿ ಬೆಳೆದ ಮಗುವಿಗೆ ತಕ, ತಕಿಟ, ತಕದಿಮಿ ಹೊಸದೇ? ಒಂದೇ ತೊಡಕು. ಕಕಾರ ಹಿಂದಿನ ಬೆಂಚಿನ ಹುಡುಗ. ತಕಾರದಷ್ಟು ಸ್ಪಷ್ಟವಾಗಿ ಬಾಯಿ ಬಿಡುವುದಿಲ್ಲ. ಅದಕ್ಕೆ ಮದ್ದು ವಾರಗಟ್ಟಲೆ ಬರಿಯ ಕ-ಕ-ಕ-ಕ. ಆ ವಾರಗಳಲ್ಲಿ ಎದುರುಮನೆಯವರು ಊರಿಗೆ ಹೋಗಿದ್ದರು, ದೈವಕೃಪೆ.

ಪಾಠ ಮುಗಿದ ಮೇಲೆ ಜಗುಲಿಯಲ್ಲಿ ಕತೆ. ಮೈಸೂರಿಗೂ ಈ ಕೊಂಬಿಗೂ ಇರುವ ನಂಟನ್ನು ಮಾಸ್ತರು ಅರಮನೆಯ ಕಡೆ ಕೈ ತೋರಿಸಿಕೊಂಡೇ ಹೇಳುವರು. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಆ ವಾದ್ಯವೃಂದಕ್ಕೆ ಕಷ್ಟಕಾಲದಲ್ಲಿ ಹಣದ ನೆರವಿತ್ತವರು. ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮರುವರ್ಷ, 1950ರ ಮೇ 22ರಂದು, ಅವನ ಕಡೆಯ ನಾಲ್ಕು ಹಾಡುಗಳು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಬಂದದ್ದು ಆ ವೃಂದದಿಂದ, ಮೈಸೂರಿನ ನೆರವಿನಿಂದ. ಆ ನಾಲ್ಕರಲ್ಲಿ ‘ಸೆಪ್ಟೆಂಬರ್’ ಎಂಬುದು ಹಾಡುವವಳ ದನಿ ನಿಂತ ಮೇಲೆ ಹಾರ್ನಿನ ದನಿಯಲ್ಲಿ ಮುಗಿಯುತ್ತದೆ. ಸ್ಟ್ರಾಸನ ತಂದೆಯೇ ಮ್ಯೂನಿಕ್ಕಿನ ಹೆಸರಾಂತ ಹಾರ್ನ್ ವಾದಕ. ಫಿಲ್‌ಹಾರ್ಮೋನಿಯಾದ ಮೊದಲ ಹಾರ್ನು ಡೆನಿಸ್ ಬ್ರೇನ್. ಅವನ ತಂದೆಯೂ ಅದೇ ವಾದ್ಯದವನು. ಬ್ರೇನ್ 1957ರ ಸೆಪ್ಟೆಂಬರ್ 1ರಂದು ಎಡಿನ್‌ಬರೊದಲ್ಲಿ ಕಚೇರಿ ಮುಗಿಸಿ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಬರುತ್ತ, ಮನೆ ಹತ್ತಿರವಾಗುತ್ತಿದ್ದಂತೆ ಅಪಘಾತದಲ್ಲಿ ಸತ್ತ, ವಯಸ್ಸು 36. ಅವನು ನುಡಿಸಿದ ಮೊಜಾರ್ಟನ ಧ್ವನಿಮುದ್ರಿಕೆಯನ್ನು ಹಾಕಿ ಮಾಸ್ತರು ಕಣ್ಣು ಮುಚ್ಚಿಕೊಳ್ಳುವರು. “ನಾಲಗೆ ಎಲ್ಲಿದೆ ಹೇಳಿ ನೋಡೋಣ. ಇದ್ದೇ ಇದೆ, ಆದರೆ ಕಾಣೋದಿಲ್ಲ” ಎನ್ನುವರು.

ಪರೀಕ್ಷೆಗೆ ಆರಿಸಿಕೊಟ್ಟದ್ದೂ ಮೊಜಾರ್ಟನನ್ನೇ. ಲೊಯ್ಟ್‌ಗೆಬ್ ಎಂಬ ಹಾರ್ನ್ ವಾದಕ ಅವನ ಗೆಳೆಯ. ಆ ಗೆಳೆಯನಿಗಾಗಿ 1783ರಲ್ಲಿ ಬರೆದ ಕೃತಿಯೊಂದರ ಮೇಲೆ ಅವನನ್ನು ಕತ್ತೆ, ಎತ್ತು ಎಂದು ಹಾಸ್ಯಮಾಡಿ ಬರೆದೇ ಕೊಟ್ಟ ಪುಣ್ಯಾತ್ಮ ಮೊಜಾರ್ಟ್. ಅವನ ಇನ್ನೊಂದು ಹಾರ್ನ್ ಕಾನ್ಚೆರ್ಟೊದ ನಡುವಣ ಭಾಗ, ರೊಮಾನ್ಸ್. ಕೇಳುವುದಕ್ಕೆ ಜೋಗುಳ, ಬೆರಳಿಗೆ ಕಷ್ಟವಿಲ್ಲ. ಕಷ್ಟವಿರುವುದು ಬಾಗಿಲಲ್ಲೇ. ಅದು ಪಕ್ಕವಾದ್ಯದ ಪೀಠಿಕೆಯಿಲ್ಲದೆ ಹಾರ್ನಿನಿಂದಲೇ ಮೊದಲಾಗುತ್ತದೆ, ಅದೂ ಮೆಲ್ಲಗೆ.

ಹಾರ್ನಿನ ಮೊದಲ ಸ್ವರ ಎಂದರೇನೆಂದು ಮಾಸ್ತರು ವಿವರಿಸಿದ್ದರು. ಹನ್ನೆರಡು ಅಡಿಯ ಕೊಳವೆಯಲ್ಲಿ ಊದಿದ ಅಲೆ ಹೂಬಾಯಿಯವರೆಗೆ ಹೋಗಿ ಮರಳಿ ತುಟಿಗೆ ಬಂದು ತಗಲಿದ ಮೇಲೆ ತಾನೆ ಕೊಳವೆ ತುಟಿಗೆ ಆಸರೆ ಕೊಡುವುದು? ಅದಕ್ಕೆ ಸೆಕೆಂಡಿನ 50ರಲ್ಲಿ ಒಂದು ಪಾಲಿನಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ತುಟಿ ಅನಾಥ. ಕೊಳವೆಯ ಸಹಾಯವಿಲ್ಲದೆ ತಾನೇ ಸರಿಯಾದ ಸ್ವರದಲ್ಲಿ ಅದುರಬೇಕು. ಮೇಲಿನ ಸ್ಥಾಯಿಯಲ್ಲಂತೂ ಒಂದರ ಪಕ್ಕದಲ್ಲೇ ಒಂದು ಸ್ವರ ಒತ್ತಾಗಿ ನಿಂತಿರುತ್ತವೆ. ಕೂದಲೆಳೆ ತಪ್ಪಿದರೆ ಪಕ್ಕದ ಮನೆಯ ಕದ ತಟ್ಟಿದ ಹಾಗೆ. ದೊಡ್ಡ ದೊಡ್ಡವರೇ ನೆರೆದ ಸಭೆಯಲ್ಲಿ ಬಿರುಕುಬಿಡುವುದು ಆ ಮೊದಲ ಸ್ವರದಲ್ಲಿ.

ಪರೀಕ್ಷೆಯ ದಿನ ಹೆತ್ತವರು ಹೊರಗೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಪಿಯಾನೋದವರು ಸ್ವರ ಕೊಟ್ಟದ್ದು ಕೇಳಿಸಿತು. ಪರೀಕ್ಷಕರು ಸೌಮ್ಯವಾಗಿ, “ನಿನಗೆ ಯಾವಾಗ ಅನ್ನಿಸುತ್ತೋ ಆಗ” ಎಂದದ್ದೂ ಕೇಳಿಸಿತು. ಮಗಳು ಉಸಿರು ತೆಗೆದುಕೊಂಡಳು. ಆಮೇಲೆ ಏನೂ ಇಲ್ಲ. ಮತ್ತೆ ಉಸಿರು, ಮತ್ತೆ ಏನೂ ಇಲ್ಲ. ನಾನು ಕಿಂಡಿಯಿಂದ ನೋಡಿದೆ. ಭುಜ ಏರಿದೆ, ಕತ್ತಿನ ನರ ಬಿಗಿದಿದೆ, ಕಣ್ಣು ಅರಳಿದೆ. ಉಸಿರು ತುಂಬಿ ನಿಂತಿದೆ, ನಾಲಗೆ ಹಲ್ಲಿನ ಬುಡಕ್ಕೆ ಬೆಸೆದುಕೊಂಡಿದೆ. ಎಷ್ಟು ಹೊತ್ತೋ ಕಾಣೆ. ಕಡೆಗೆ ಸ್ವರ ಸಿಡಿದು, ಬಿರುಕುಬಿಟ್ಟು ಹೊರಬಂತು. ಮುಂದೆಲ್ಲ ಅಳುತ್ತಲೇ ನುಡಿಸಿದಳೆಂದು ಕಾಣುತ್ತದೆ. ಹೊರಗೆ ಬಂದು ಒಂದೇ ಮಾತು: “ಅಪ್ಪಾ, ನಾಲಗೆ ಏಳಲಿಲ್ಲ.”

ನನಗೆ ಕಾಲಿನ ಬಲ ಹೋದಂತಾಯಿತು. ಅನುತ್ತೀರ್ಣಳಾದಳೆಂದಲ್ಲ. ಆ ಮುಖ, ಆ ಬಿಗಿದ ಕತ್ತು, ಆ ಅರಳಿದ ಕಣ್ಣು ನನಗೆ ಗೊತ್ತಿತ್ತು. ಅದು ನನ್ನ ಮುಖ.

ಓದುಗರಲ್ಲಿ ಒಂದು ವಿಷಯ ಒಪ್ಪಿಸಬೇಕು. ನಾನು ಉಗ್ಗ. ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಓದಿದರೆ ನಂಬಲಾರರು. ಅವರ ಪಾಲಿಗೆ ನಾನು ಮಾತಿನ ಮಲ್ಲ. ಒಂದು ಅರ್ಥಕ್ಕೆ ಮೂರು ಶಬ್ದ ಕೊಡುವವನು. ಆ ಶಬ್ದಸಂಪತ್ತಿನ ಗುಟ್ಟೇ ಇದು. ಚಿಕ್ಕಂದಿನಿಂದ ತಕಾರ ನನಗೆ ಶತ್ರು. ತಂದೆ ಎನ್ನಲಾರದೆ ಅಪ್ಪ ಎಂದೆ, ತಿಂಗಳು ಎನ್ನಲಾರದೆ ಮಾಸ ಎಂದೆ, ತರಕಾರಿ ಎನ್ನಲಾರದೆ ಕಾಯಿಪಲ್ಯ ಎಂದೆ. ಮದುವೆಯ ಪಂಕ್ತಿಯಲ್ಲಿ ತುಪ್ಪ ಮುಂದೆ ಹೋದಾಗ ಘೃತ ಎಂದು ಕೂಗಿ ಕರೆಯಲಾದೀತೆ? ಬರಿಯ ಅನ್ನ ತಿಂದು ಎದ್ದಿದ್ದೇನೆ. ಬಾಗಿಲಲ್ಲಿ ಕಾದಿರುವ ಶತ್ರುವನ್ನು ದೂರದಿಂದಲೇ ಕಂಡು ಪಕ್ಕದ ಓಣಿಯಿಂದ ಮನೆ ಸೇರುವುದು ಉಗ್ಗರ ಜಾಣತನ. ಪರ್ಯಾಯಪದಗಳನ್ನು ಕಲಿತೂ ಕಲಿತೂ ಕಡೆಗೆ ಅದೇ ಉದ್ಯೋಗವಾಯಿತು.

ಊರ ಹೆಸರಿಗೆ ಪರ್ಯಾಯಪದವಿಲ್ಲ. ನನ್ನಕ್ಕನನ್ನು ಕೊಟ್ಟದ್ದು ತುಮಕೂರಿಗೆ. ಇಂಟರ್ಮೀಡಿಯಟ್ಟಿನ ಸಮಾನವಾದ ಪಿ.ಯು.ಸಿ.ಯಲ್ಲಿ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ಹಬ್ಬಕ್ಕೆ ಅಕ್ಕನ ಮನೆಗೆ ಹೊರಟೆ. ಟಿಕೀಟಿನ ಕಿಂಡಿಯ ಮುಂದೆ ದೊಡ್ಡ ಸಾಲು. “ಎಲ್ಲಿಗೆ?” ಎಂದರು. ನಾಲಗೆ ಹಲ್ಲಿಗೆ ಅಂಟಿಕೊಂಡಿತು. ಹಿಂದಿನಿಂದ ಒಬ್ಬರು, “ಬೇಗ ಹೇಳಪ್ಪಾ” ಎಂದರು. ಇನ್ನೊಬ್ಬರು ನಕ್ಕರು. ನಾನು, “ಗುಬ್ಬಿ” ಎಂದುಬಿಟ್ಟೆ. ಗುಬ್ಬಿ ತುಮಕೂರಿನ ಆಚೆಗೆ. ಹೆಚ್ಚಿನ ದುಡ್ಡು ಕೊಟ್ಟು, ಗುಬ್ಬಿಯ ಟಿಕೀಟು ಹಿಡಿದುಕೊಂಡು ತುಮಕೂರಿನಲ್ಲಿ ಇಳಿದೆ. ಒಂದು ಸಲವಲ್ಲ, ಎರಡು ವರ್ಷ ಹಾಗೆಯೇ ಮಾಡಿದೆ. ಇದನ್ನು ಅಕ್ಕನಿಗೆ ಹೇಳಿಲ್ಲ, ನನ್ನಾಕೆಗೆ ಹೇಳಿಲ್ಲ. ಮಗಳು ಮಾತು ಕಲಿಯುವಾಗ ಒಂದೊಂದು ತೊದಲನ್ನೂ ಉಸಿರು ಹಿಡಿದು ಕೇಳಿದ್ದೆ. ಅವಳು ನಿರರ್ಗಳವಾಗಿ ಮಾತಾಡತೊಡಗಿದಾಗ, ಸದ್ಯ, ಈ ಆಸ್ತಿ ಅವಳಿಗೆ ಹೋಗಲಿಲ್ಲ ಎಂದುಕೊಂಡಿದ್ದೆ. ಹದಿನೈದು ವರ್ಷವಾದ ಮೇಲೆ, ಹನ್ನೆರಡು ಅಡಿಯ ಕೊಳವೆ ಸುತ್ತಿ ಬಳಸಿ, ಅದು ಬಂದಿತ್ತು.

ಆ ರಾತ್ರಿ ನಿದ್ದೆ ಬಾರದೆ ಕೇಶಿರಾಜನ ಶಬ್ದಮಣಿದರ್ಪಣ ತೆಗೆದೆ. 13ನೆಯ ಶತಮಾನದ ಆ ವ್ಯಾಕರಣವನ್ನು ಪ್ರತಿವರ್ಷ ಪಾಠ ಹೇಳುತ್ತೇನೆ. ಮೊದಲ ಸೂತ್ರಗಳು ಬಾಯಿಗೆ ಬರುತ್ತವೆ. ಶಬ್ದ ಹುಟ್ಟುವ ಬಗೆಯನ್ನು ಹೇಳುವಾಗ ಅವನು ಎರಡು ಹೋಲಿಕೆ ಕೊಡುತ್ತಾನೆ. ಒಂದರಲ್ಲಿ ದೇಹ ವಾದ್ಯ, ನಾಲಗೆ ಅದನ್ನು ನುಡಿಸುವ ಕೋಲು. ಇನ್ನೊಂದರಲ್ಲಿ, ಜೀವನ ಇಚ್ಛೆಯಂತೆ ಅನುಕೂಲವಾದ ಗಾಳಿಯಿಂದ ಹೊಕ್ಕುಳಿನ ಬುಡದಲ್ಲಿ ಶಬ್ದ ಹುಟ್ಟುತ್ತದೆ, ಕಹಳೆಯ ರೀತಿಯಲ್ಲಿ. ಕಹಳೆ! ಇಪ್ಪತ್ತು ವರ್ಷ ಆ ಮಾತನ್ನು ಅಲಂಕಾರವೆಂದುಕೊಂಡು ದಾಟಿಹೋಗಿದ್ದೆ. ತರಗತಿಯಲ್ಲಿ ನಾನು ಯಾವಾಗಲೂ ವಿಸ್ತರಿಸುತ್ತಿದ್ದದ್ದು ಕೋಲಿನ ಹೋಲಿಕೆಯನ್ನೇ. ಉಗ್ಗನಿಗೆ ಕಾಣುವುದು ಅದೊಂದೇ. ಮಾತಿನ ಹೊರೆಯೆಲ್ಲ ನಾಲಗೆಯ ಮೇಲೆ, ಹೊಡೆದರೆ ಮಾತ್ರ ಹೊರಡುವುದು ಎಂದು ನಂಬಿ, ಇನ್ನೂ ಗಟ್ಟಿಯಾಗಿ ಒತ್ತುತ್ತಾನೆ. ಒತ್ತಿದಷ್ಟೂ ಬಾಗಿಲು ಭದ್ರ. ಗಾಳಿ ಹಿಂದೆ ಕಾದು ನಿಂತಿರುತ್ತದೆ, ಪಾಪ. ಇಂಗ್ಲಿಷಿನಲ್ಲಿ ಸ್ವರ ಮೊದಲಿಡುವುದಕ್ಕೆ ದಾಳಿ ಎಂಬರ್ಥದ ಮಾತನ್ನೇ ಬಳಸುತ್ತಾರೆಂದು ಮಾಸ್ತರು ಹೇಳಿದ್ದರು. ನಮ್ಮವರು ತಕಾರದಂಥ ಅಕ್ಷರಗಳಿಗೆ ಇಟ್ಟ ಹೆಸರು ಸ್ಪರ್ಶ. ಬರಿಯ ಮುಟ್ಟುವುದು.

ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ಗುಬ್ಬಿಯ ಟಿಕೀಟಿನ ಕತೆ ಹೇಳಿದೆ. ಹೇಳುವಾಗ ಪಕ್ಕದ ಓಣಿ ಹಿಡಿಯಲಿಲ್ಲ. ತ ಬಂದಲ್ಲೆಲ್ಲ ಉಗ್ಗಿದೆ. ಅವಳ ಮುಂದೆ ಅದೇ ಮೊದಲು. ಅವಳು ಮೊದಲು ದಿಗಿಲಾಗಿ ನೋಡಿದಳು. ಆಮೇಲೆ, “ಒಳಗೆ ಇಲ್ಲಿ ಹಿಡಿದುಕೊಳ್ಳುತ್ತಲ್ಲಾ?” ಎಂದು ಕತ್ತು ಮುಟ್ಟಿ ತೋರಿಸಿದಳು. ಹೌದು ಎಂದೆ. “ಗಾಳಿ ಇರತ್ತೆ, ಆದರೆ ಬಾಗ್ಲು ತೆಗಿಯೋದು ಮರೆತುಹೋಗತ್ತೆ” ಎಂದಳು. ಅದಕ್ಕಿಂತ ಚೆನ್ನಾಗಿ ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಕಾಫಿ ತಂದ ನನ್ನಾಕೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿದ್ದಳು. “ತುಪ್ಪ ಬೇಡ ಬೇಡ ಅಂತಿದ್ದದ್ದು ಇದಕ್ಕೇನಾ?” ಎಂದಳು.

ಮಾಸ್ತರಿಗೆ ಈ ರೋಗ ಹೊಸದಲ್ಲ. ಬ್ಯಾಂಡಿನಲ್ಲಿ ಗಟ್ಟಿ ಆಳುಗಳೇ ಹೀಗೆ ಮೊದಲ ಸ್ವರದಲ್ಲಿ ಹೂತುಹೋದದ್ದನ್ನು ಕಂಡವರು. “ಎರಡು ವಾರ ನಾಲಗೆಗೆ ರಜ” ಎಂದರು. ತ ಇಲ್ಲ, ದ ಇಲ್ಲ. ಪ್ರತಿ ಸ್ವರವೂ ‘ಹೂ’ ಎಂದು ಬರಿಯ ಉಸಿರಿನಿಂದ. ಮಸುಕಾಗಿ ಬರಲಿ, ತಡವಾಗಿ ಬರಲಿ, ಬರಲಿ. ಎರಡನೆಯ ನೇಮ, ಉಸಿರನ್ನು ಒಳಗೆಳೆದು ಮೇಲೆ ನಿಲ್ಲಿಸಬಾರದು. ಉಯ್ಯಾಲೆ ಮೇಲೆ ಹೋದದ್ದು ಅಲ್ಲಿ ತಡೆದು ನಿಂತು ಯೋಚನೆ ಮಾಡುತ್ತದೆಯೆ? ಎಳೆದ ಉಸಿರು ತಿರುಗಿದ ಕ್ಷಣವೇ ಸ್ವರ. ಒಂದು, ಎರಡು, ಮೂರು ಎಂದು ಕೈತಾಳ ಹಾಕಿ, ನಾಲ್ಕಕ್ಕೆ ಉಸಿರೆಳೆದು, ಮುಂದಿನ ಒಂದಕ್ಕೆ ಬಂದದ್ದು ಬರಲಿ ಎಂದು ಬಿಡಬೇಕು, ಕಾಯುವಂತಿಲ್ಲ. ಊದುವ ಮೊದಲು ಸ್ವರವನ್ನು ಹಾಡಿಕೊಳ್ಳಬೇಕು. ಹಾಡುವಾಗ ನಾನೂ ಎಂದೂ ಉಗ್ಗಿದವನಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ಹತ್ತು ಜನರೊಡನೆ ದನಿ ಕೂಡಿಸಿದರೆ ತಕಾರ ತಾನಾಗಿ ಜಾರುತ್ತಿತ್ತು. ಅದೇಕೆಂದು ಯಾರಲ್ಲೂ ಕೇಳುವ ಧೈರ್ಯವಾಗಿರಲಿಲ್ಲ.

ಆ ದಿನಗಳಲ್ಲಿ ಮಗಳು ಒಂದು ಚಿತ್ರ ತೋರಿಸಿದಳು. ಜರ್ಮನಿಯ ಗೋಟಿಂಗೆನ್‌ನಲ್ಲಿ ವಿಜ್ಞಾನಿಗಳು ಹಾರ್ನ್ ನುಡಿಸುವವರನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ, ನುಡಿಸುತ್ತಿರುವಾಗಲೇ ಬಾಯೊಳಗಿನ ಚಲನಚಿತ್ರ ತೆಗೆದಿದ್ದಾರೆ. ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ಸಾರಾ ವಿಲ್ಲಿಸ್ ಎಂಬಾಕೆ ಅದರಲ್ಲಿ ಮಲಗಿ ನುಡಿಸಿದ್ದಾಳೆ. ಬೂದುಬಣ್ಣದ ತಲೆ, ಅದರೊಳಗೆ ನಾಲಗೆ, ಕೆರೆಯಲ್ಲಿ ಮೀನು ಬೆನ್ನು ಹೊರಳಿಸಿದಂತೆ ಏರಿ ಇಳಿಯುತ್ತದೆ. ಸ್ವರ ಮೇಲೇರಿದಂತೆ ಬೆನ್ನು ಏರುತ್ತದೆ, ಕೆಳಗಿಳಿದಂತೆ ತಗ್ಗುತ್ತದೆ. ತುದಿ ಮುಟ್ಟಿತೋ ಇಲ್ಲವೋ ಎನ್ನುವಷ್ಟರಲ್ಲಿ ಹಿಂದಕ್ಕೆ ಬಂದಿರುತ್ತದೆ. ನನ್ನ ಬಾಲ್ಯವನ್ನೆಲ್ಲ ತಡೆದು ನಿಲ್ಲಿಸಿದ್ದ ಮಾಂಸದ ತುಂಡು ಅಷ್ಟು ಹಗುರವಾಗಿ ಆಡಬಲ್ಲುದೆಂದು ನಾನು ಎಣಿಸಿರಲಿಲ್ಲ. ನಾಲ್ಕು ಸಲ ನೋಡಿದೆ. ಐದನೆಯ ಸಲಕ್ಕೆ ಮಗಳು ಫೋನು ಕಿತ್ತುಕೊಂಡಳು.

ಎರಡು ವಾರ ಎಂದದ್ದು ಐದು ವಾರವಾಯಿತು. ಮನೆಯ ತುಂಬ ಹೂ, ಹೂ. ಆಮೇಲೆ ಒಂದು ಸಂಜೆ ಮಾಸ್ತರು, “ಈಗ ಹೂ ಹೋಗ್ತಾ ಇರೋವಾಗಲೇ ನಾಲಗೆಯನ್ನ ಸುಮ್ಮನೆ ಒಂದು ಸಲ ನಡುವೆ ಆಡಿಸು, ಅದಕ್ಕೆ ಗೊತ್ತಾಗಬಾರದು” ಎಂದರು. ಮೊದಲು ಹರಿಯುವ ಸ್ವರದ ನಡುವೆ ದ, ದ, ದ. ಅದು ಸಲೀಸಾದ ಮೇಲೆ ಮೊದಲಿಗೂ ಒಂದು ದ. ತಕಾರ ಎಂದು ಬಂತೆಂದು ನಮ್ಮಲ್ಲಿ ಯಾರೂ ಗಮನಿಸಲಿಲ್ಲ.

ಎರಡನೆಯ ಸಲ ಪರೀಕ್ಷೆ ಬೆಂಗಳೂರಿನಲ್ಲಿ. ಈ ಸಲ ಬಾಗಿಲು ಪೂರ್ತಿ ಮುಚ್ಚಿತ್ತು. ನಾನು ಗೋಡೆಗೆ ಕಿವಿ ಕೊಟ್ಟು ನಿಂತೆ. ಪಿಯಾನೋದ ಸ್ವರ, ಸದ್ದಿಲ್ಲ, ಆಮೇಲೆ ರೊಮಾನ್ಸಿನ ಮೊದಲ ಸ್ವರ, ಸ್ವಲ್ಪ ಗಾಳಿ ಬೆರೆತು, ಸ್ವಲ್ಪ ಮಸುಕಾಗಿ. ನಡುವೆ ಒಂದೆರಡು ಕಡೆ ಬಿರುಕು ಬಿಟ್ಟಿತು. ಹೊರಬಂದವಳು, “ಸುಮಾರು” ಎಂದಳು. ಫಲಿತಾಂಶ ಇದನ್ನು ಬರೆಯುವಾಗ ಇನ್ನೂ ಬಂದಿಲ್ಲ.

ಅಕ್ಕನನ್ನು ನೋಡಿ ಬಹಳ ದಿನವಾಗಿತ್ತು. ಹಾಗೇ ಹೋಗಿಬರೋಣವೆಂದು ರೈಲ್ವೆ ನಿಲ್ದಾಣಕ್ಕೆ ಬಂದೆವು. ಭಾನುವಾರದ ಜನ. ಕೊಂಬಿನ ಪೆಟ್ಟಿಗೆ ಎಲ್ಲರ ಮೊಣಕಾಲಿಗೂ ತಗಲುತ್ತಿತ್ತು. ಸಾಲು ಸರಿಯುತ್ತ ಸರಿಯುತ್ತ ಕಿಂಡಿ ಹತ್ತಿರವಾದಂತೆ ನನ್ನ ಭುಜ ಏರುತ್ತಿದ್ದುದು ನನಗೇ ತಿಳಿಯಿತು. ಹಿಂದೆ ನಿಂತಿದ್ದ ಮಗಳು ನನ್ನ ಬೆನ್ನಿಗೆ ಬೆರಳು ತಾಗಿಸಿ, “ಅಪ್ಪಾ, ಗುಬ್ಬಿಗಾ?” ಎಂದಳು.

“ಸುಮ್ನಿರು” ಎಂದೆ.

“ಮೇಲೆ ನಿಲ್ಲಿಸಬೇಡ” ಎಂದಳು ಮೆಲ್ಲಗೆ. “ಹೂ.”

ಕಿಂಡಿಯೊಳಗಿನಿಂದ, “ಎಲ್ಲಿಗೆ?” ಎಂದರು. ಟಿಕೀಟು ಎರಡು ಬೇಕಾಗಿದ್ದದ್ದು, ಎರಡು ಎಂಬುದು ಸ್ವರಾದಿ ಶಬ್ದವಾಗಿದ್ದದ್ದು ನನ್ನ ಪುಣ್ಯ. ಉಸಿರು ಆಗಲೇ ಹೊರಟಿತ್ತು. “ಎರಡು ತುಮಕೂರು” ಎಂದೆ.